ನಳದ ದಿನ ನೋಡಿ ಡ್ರೇನೇಜ್ ಲೈನ್ ಕಾಯಿರಿ: ಸೋಲಾಪುರ ಸೀಮೆಗೆ ಒಂದು ಮಾರ್ಗದರ್ಶಿ

ಸೋಲಾಪುರದ ಓಣಿಯಲ್ಲಿ ಡ್ರೇನೇಜ್ ಲೈನ್ ಕಟ್ಟಿಕೊಂಡಾಗ ಮೊದಲು ಏಳುವ ಮಾತು, ‘ಪೈಪ್ ಸಣ್ಣದಾಯಿತು, ದೊಡ್ಡದು ಹಾಕಿಸಬೇಕು’ ಎಂಬುದು. ಬಹಳಷ್ಟು ಕಡೆ ಇದು ತಪ್ಪು ತೀರ್ಮಾನ. ಇಲ್ಲಿ ಲೈನ್ ಕೆಡುವುದು ನೀರು ಹೆಚ್ಚಾಗಿ ಅಲ್ಲ, ಕಡಿಮೆಯಾಗಿ. ಒಳಚರಂಡಿಯ ವಿನ್ಯಾಸ ಮಾಡುವಾಗ ತಲೆಗೆ ದಿನಕ್ಕೆ 135 ಲೀಟರ್ ನೀರು ಸಿಗುತ್ತದೆ, ಅದರಲ್ಲಿ ನೂರಕ್ಕೆ 80 ಪಾಲು ಬಚ್ಚಲು, ಸಂಡಾಸು, ಅಡುಗೆಮನೆಯಿಂದ ಲೈನಿಗೆ ಇಳಿಯುತ್ತದೆ ಎಂದು ಲೆಕ್ಕ ಹಿಡಿಯುತ್ತಾರೆ. ಉಜನಿ ಅಣೆಕಟ್ಟಿನ ನೀರು ಕೆಲವು ದಿನಕ್ಕೊಮ್ಮೆ ಮಾತ್ರ ನಳಕ್ಕೆ ಬರುವ ಓಣಿಯಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ನಳದ ದಿನ ಬಟ್ಟೆ, ಹಾಸಿಗೆ, ಅಂಗಳ ಎಲ್ಲ ತೊಳೆದು ನೀರು ಭೋರ್ಗರೆದು ಹರಿಯುತ್ತದೆ. ಉಳಿದ ದಿನ ಬಕೆಟ್ ಅಳತೆಯ ಬದುಕು. ಆಗ ಪೈಪಿನ ತಳದಲ್ಲಿ ಬೆರಳಗಲ ನೀರು ತೆವಳುತ್ತದೆ, ಹೊತ್ತು ಒಯ್ಯಬೇಕಾದ ಮಲ, ಮರಳು, ಎಣ್ಣೆಯ ಮುದ್ದೆಗಳನ್ನು ದಾರಿಯಲ್ಲೇ ಬಿಟ್ಟುಹೋಗುತ್ತದೆ. ದೊಡ್ಡ ಪೈಪ್ ಹಾಕಿದರೆ ಅಷ್ಟೇ ನೀರು ಇನ್ನೂ ತೆಳ್ಳಗೆ ಹರಡಿ ಲೈನ್ ಕಟ್ಟುವ ರೋಗ ಹೆಚ್ಚುತ್ತದೆ.

ಪೈಪ್ ತನ್ನನ್ನು ತಾನೇ ತೊಳೆದುಕೊಳ್ಳಬೇಕಾದರೆ ದಿನದ ತುಂಬು ಹರಿವಿನ ಹೊತ್ತಿನಲ್ಲಾದರೂ ನೀರಿನ ವೇಗ ಸೆಕೆಂಡಿಗೆ 0.6 ಮೀಟರ್ ಮುಟ್ಟಬೇಕು. ಓಣಿಯ ಸಾಮಾನ್ಯ 200 ಮಿ.ಮೀ. ಪೈಪಿಗೆ ಈ ವೇಗ ಬರಬೇಕೆಂದರೆ, ಅದು ತುಂಬಿ ಹರಿದರೂ, 300 ಮೀಟರಿಗೆ 1 ಮೀಟರ್ ಇಳಿಜಾರು ಬೇಕು. ಚೇಂಬರಿನಿಂದ (ಮ್ಯಾನ್‌ಹೋಲ್) ಚೇಂಬರಿಗೆ 30 ಮೀಟರ್ ಅಂತರ ಇದ್ದರೆ, ಈ ಎರಡರ ನಡುವಿನ ಇಳಿತ ಬರೀ 10 ಸೆಂ.ಮೀ. ಎರೆ ಮಣ್ಣು ಉಬ್ಬಿ ಇಳಿದು ಪೈಪ್ ನಡುವೆ ಎಲ್ಲೋ 5 ಸೆಂ.ಮೀ. ಕುಸಿಯಿತು ಎಂದಿಟ್ಟುಕೊಳ್ಳಿ. ಆ ತಗ್ಗಿನಲ್ಲಿ ನೀರು ಸದಾ ನಿಲ್ಲುತ್ತದೆ, ಹೂಳು ಅಲ್ಲಿಂದಲೇ ಬೆಳೆಯುತ್ತದೆ. ಈ ಸೀಮೆಯಲ್ಲಿ ಲೈನ್ ಕಾಯುವ ಕೆಲಸವೆಂದರೆ ಇಂಥ ತಗ್ಗುಗಳನ್ನು ಗುರುತಿಟ್ಟು, ನಳದ ದಿನವನ್ನು ಮುಂದಿಟ್ಟುಕೊಂಡು, ಕಟ್ಟುವ ಮೊದಲೇ ತೊಳೆಯುವುದು. ವಾರ್ಡಿನ ಮುಕಾದಮರಿಗೆ, ಕಿರಿಯ ಇಂಜಿನಿಯರುಗಳಿಗೆ, ಗುತ್ತಿಗೆದಾರರಿಗೆ, ಸೊಸೈಟಿಯ ಪದಾಧಿಕಾರಿಗಳಿಗೆ ಬೇಕಾದ ವಿವರ ಇಲ್ಲಿದೆ.

ಮುಚ್ಚಳ ತೆಗೆಯುವ ಮೊದಲು

ಚೇಂಬರಿನೊಳಗೆ ಯಾರೂ ಇಳಿಯಕೂಡದು. ಸುರಕ್ಷಾ ಸಾಧನವಿಲ್ಲದೆ ಯಾರನ್ನೂ ಒಳಚರಂಡಿಗೆ ಇಳಿಸುವಂತಿಲ್ಲ ಎಂದು ಕೈಯಿಂದ ಮಲ ಬಾಚುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಹೇಳುತ್ತದೆ. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಆದೇಶ ಮಾಡಿದೆ. ಆದರೆ ಕಾನೂನಿನ ಭಯಕ್ಕಿಂತ ಗಾಳಿಯ ಲೆಕ್ಕವನ್ನು ತಿಳಿದುಕೊಳ್ಳುವುದು ಮುಖ್ಯ. ಕೊಳೆಯುವ ರಾಡಿಯಿಂದ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಹತ್ತು ಲಕ್ಷದಲ್ಲಿ 100 ಪಾಲಿನ ಸುಮಾರಿಗೆ ಏರಿದರೆ ಮೂಗೇ ಮರಗಟ್ಟುತ್ತದೆ, ವಾಸನೆ ಬರುವುದಿಲ್ಲ. ವಾಸನೆ ಹೋಯಿತು, ಗಾಳಿ ತಿಳಿಯಾಯಿತು ಎಂದು ಇಳಿದವರು ಮೇಲೆ ಬರುವುದಿಲ್ಲ. ಈ ಅನಿಲ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ನಾಲ್ಕು ದಿನ ನಿಂತ ರಾಡಿಯನ್ನು ಕೋಲಿನಿಂದ ಕೆದಕಿದ ಕೂಡಲೇ ಒಮ್ಮೆಗೇ ಬಿಡುಗಡೆಯಾಗುತ್ತದೆ. ಹಾಗಾಗಿ ಬೆಳಿಗ್ಗೆ ಅಳೆದಾಗ ಸರಿಯಿದ್ದ ಚೇಂಬರ್ ಕೆಲಸದ ನಡುವೆ ಕೊಲ್ಲಬಲ್ಲದು.

ಮೇಲೆ ನಿಂತು ಮಾಡುವ ಕೆಲಸಕ್ಕೂ ಒಂದು ಕ್ರಮವಿದೆ. ಕೆಲಸದ ಚೇಂಬರಿನ ಜೊತೆಗೆ ಅದರ ಮೇಲಿನದು, ಕೆಳಗಿನದು ಎರಡನ್ನೂ ತೆರೆದು ಕನಿಷ್ಠ ಒಂದು ಗಂಟೆ ಗಾಳಿಯಾಡಲು ಬಿಡಿ. ಮೂರಕ್ಕೂ ಸುತ್ತ ಬ್ಯಾರಿಕೇಡ್ ಇರಲಿ. ತೆರೆದ ಚೇಂಬರಿಗೆ ಮಕ್ಕಳು ಬೀಳುವುದು ಕಾವಲಿಲ್ಲದ ಆ ಒಂದು ಗಂಟೆಯಲ್ಲೇ. ಬೀಡಿ, ಬೆಂಕಿಕಡ್ಡಿ, ಗ್ಯಾಸ್ ವೆಲ್ಡಿಂಗ್ ಹತ್ತಿರ ಸುಳಿಯಬಾರದು, ಏಕೆಂದರೆ ಗಾಳಿಯಲ್ಲಿ ಮೀಥೇನ್ ನೂರಕ್ಕೆ 5 ಪಾಲಾದರೆ ಕಿಡಿಗೆ ಸಿಡಿಯುತ್ತದೆ. ನಾಲ್ಕು ಅನಿಲ ಅಳೆಯುವ ಮೀಟರನ್ನು ಹಗ್ಗಕ್ಕೆ ಕಟ್ಟಿ ಬಾಯಲ್ಲಿ, ನಡುವೆ, ನೀರಿನ ಮೇಲ್ಮೈಗೆ ಸಮೀಪ, ಹೀಗೆ ಮೂರು ಮಟ್ಟದಲ್ಲಿ ಓದಿ. ಆಮ್ಲಜನಕ ನೂರಕ್ಕೆ 19.5ಕ್ಕಿಂತ ಕಡಿಮೆ ಅಥವಾ 23.5ಕ್ಕಿಂತ ಹೆಚ್ಚು ಇದ್ದರೆ, ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಪಾಲು) ಮುಟ್ಟಿದರೆ, ಎಲ್ಲರೂ ದೂರ ಸರಿಯಬೇಕು. ಯಾರಾದರೂ ಬಿದ್ದೇಬಿಟ್ಟರೆ ಹಿಂದೆ ಹಾರಬೇಡಿ. ಒಬ್ಬರನ್ನು ಎತ್ತಲು ಹೋಗಿ ಇಬ್ಬರು, ಮೂವರು ಹೋದ ಪ್ರಕರಣಗಳು ಪ್ರತಿ ವರ್ಷ ಆಗುತ್ತವೆ. 101ಕ್ಕೆ ಅಥವಾ 112ಕ್ಕೆ ಕರೆ ಮಾಡಿ, ಉಸಿರಾಟದ ಸಿಲಿಂಡರ್ ಇರುವ ಅಗ್ನಿಶಾಮಕದವರು ಬರುವವರೆಗೆ ಬ್ಲೋವರಿನಿಂದ ಹೊಸ ಗಾಳಿ ಒಳಗೆ ಊದಿ. ಯಂತ್ರ ತರಿಸಲು ಒಳಚರಂಡಿಯ ಸಹಾಯವಾಣಿ 14420.

ಮೊದಲ ಹೆಜ್ಜೆ: ನಂಬರ್ ಹಾಕುವುದು

ನಕಾಶೆ ಇಲ್ಲದ ಲೈನನ್ನು ಯಾರೂ ಕಾಯಲಾರರು. ಹಳೆಯ ಪೇಠಗಳಲ್ಲಿ ಡಾಂಬರು ಹಾಕಿ ಹಾಕಿ ಎಷ್ಟೋ ಮುಚ್ಚಳಗಳು ರಸ್ತೆಯ ಅಡಿಗೆ ಹೋಗಿವೆ. 30 ಮೀಟರಿಗೊಂದು ಚೇಂಬರ್ ಇರಬೇಕಾದಲ್ಲಿ 60, 90 ಮೀಟರ್ ನಡೆದರೂ ಸಿಗದಿದ್ದರೆ ನಡುವೆ ಹೂತದ್ದಿದೆ ಎಂದೇ ತಿಳಿಯಿರಿ. ಮೆಟಲ್ ಡಿಟೆಕ್ಟರ್ ಇದ್ದರೆ ಎರಕದ ಕಬ್ಬಿಣದ ಮುಚ್ಚಳ ಸಿಗುತ್ತದೆ, ಕಾಂಕ್ರೀಟ್ ಮುಚ್ಚಳವಾದರೆ ಎರಡು ಚೇಂಬರಿನ ನಡುವೆ ಟೇಪ್ ಹಿಡಿದು ಅಂದಾಜಿನ ಜಾಗ ಅಗೆಯಬೇಕು. ಸಿಕ್ಕದ್ದನ್ನು ರಸ್ತೆಮಟ್ಟಕ್ಕೆ ಎತ್ತಿ ಕಟ್ಟಿಸಿ. ಓಣಿಗೆ ಎಂಡಿ-10 (ಮಧ್ಯಮ ಭಾರದ್ದು), ಲಾರಿ ಓಡುವ ರಸ್ತೆಗೆ ಎಚ್‌ಡಿ-20 (ಹೆಚ್ಚು ಭಾರದ್ದು) ಗುರುತಿನ ಮುಚ್ಚಳ ಬೇಕು. ಅಂಕಿ ಅದು ತಾಳುವ ಟನ್ನಿನ ಲೆಕ್ಕ. ಓಣಿಯ ಮುಚ್ಚಳವನ್ನು ಮುಖ್ಯ ರಸ್ತೆಗೆ ಹಾಕಿದರೆ ಕಬ್ಬಿನ ಟ್ರ್ಯಾಕ್ಟರ್ ಹಂಗಾಮಿನಲ್ಲಿ ಮುರಿಯುತ್ತದೆ, ಮುರಿದ ತುಂಡು ಕೆಳಗೆ ಬಿದ್ದು ಲೈನ್ ಕಟ್ಟುತ್ತದೆ.

ಪ್ರತಿ ಚೇಂಬರಿಗೆ ಹರಿವಿನ ದಿಕ್ಕಿನಲ್ಲಿ ನಂಬರ್ ಕೊಟ್ಟು, ಗೋಡೆಯ ಮೇಲೆ ಬಣ್ಣದಲ್ಲಿ ಬರೆದು, ರಿಜಿಸ್ಟರಿನಲ್ಲಿ ಆಳ, ಪೈಪಿನ ವ್ಯಾಸ, ಪೈಪ್ ಯಾವುದರದ್ದು, ಎಷ್ಟು ಮನೆಯ ಲೈನ್ ಬಂದು ಸೇರಿದೆ, ಎಲ್ಲ ಬರೆಯಿರಿ. ಕುಡಿಯುವ ನೀರಿನ ಪೈಪ್ ಎಲ್ಲಿ ಅಡ್ಡ ಹಾಯುತ್ತದೆ ಎಂಬುದನ್ನೂ ಅದೇ ಹಾಳೆಯಲ್ಲಿ ಗುರುತಿಸಿ.

ನೀರು ಏನು ಹೇಳುತ್ತದೆ

ಕಟ್ಟಿದ ಜಾಗ ಹುಡುಕಲು ಅಗೆಯಬೇಕಿಲ್ಲ. ಮೇಲಿನ ಚೇಂಬರ್ ತುಂಬಿದೆ, ಕೆಳಗಿನದು ಒಣಗಿದೆ ಎಂದರೆ ಕಟ್ಟು ಅವೆರಡರ ನಡುವೆ. ಎರಡೂ ತುಂಬಿದ್ದರೆ ಒಣ ಚೇಂಬರ್ ಸಿಗುವವರೆಗೆ ಕೆಳಗೆ ನಡೆಯುತ್ತಾ ಹೋಗಿ. ಮನೆಯ ಸಂಡಾಸು ಮೇಲೆ ಬರುತ್ತಿದೆ, ಆದರೆ ಸಾರ್ವಜನಿಕ ಚೇಂಬರಿನಲ್ಲಿ ನೀರು ಸರಾಗ ಹರಿಯುತ್ತಿದೆ ಎಂದರೆ ದೋಷ ಆ ಮನೆಯ ಸ್ವಂತ ಲೈನಿನದು. ಮಳೆ ಬಂದಾಗ ಮಾತ್ರ ಉಕ್ಕಿದರೆ ಮಾಳಿಗೆಯ ನೀರಿನ ಪೈಪನ್ನು ಯಾರೋ ಡ್ರೇನೇಜಿಗೆ ಸೇರಿಸಿರಬಹುದು. ಅನುಮಾನವಿದ್ದ ಮಾಳಿಗೆಯ ಪೈಪಿಗೆ ಒಂದು ಬಕೆಟ್ ಬಣ್ಣದ ನೀರು ಸುರಿದು ಕೆಳಗಿನ ಚೇಂಬರಿನಲ್ಲಿ ಕಾದು ನೋಡಿ. ಹತ್ತು ನಿಮಿಷದಲ್ಲಿ ಬಣ್ಣ ಕಂಡರೆ ವಾದಕ್ಕೆ ಜಾಗವಿಲ್ಲ.

ಗೋಡೆಯನ್ನೂ ಓದಿ. ಎಣ್ಣೆ, ಕಾಗದದ ಚೂರು ಅಂಟಿದ ಗೆರೆ ಪೈಪಿನ ಬಾಯಿಗಿಂತ ಮೇಲಿದ್ದರೆ ನೀರು ಅಷ್ಟು ಎತ್ತರ ನಿಂತು ಇಳಿದಿದೆ, ಇಂದು ಹರಿಯುತ್ತಿದ್ದರೂ ಅರ್ಧ ಕಟ್ಟಿದೆ. ಚೇಂಬರಿನ ಮೇಲ್ಭಾಗದ ಗಿಲಾವು ಹಿಟ್ಟಿನಂತೆ ಉದುರುತ್ತಿದ್ದರೆ, ಅದೇ ಸಲ್ಫೈಡ್ ಅನಿಲ ತೇವದ ಗೋಡೆಯಲ್ಲಿ ಗಂಧಕಾಮ್ಲವಾಗಿ ಸಿಮೆಂಟನ್ನು ತಿನ್ನುತ್ತಿದೆ. ರಾಡಿ ಅಲ್ಲಿ ಬಹಳ ಹೊತ್ತು ನಿಲ್ಲುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ಈ ತಪಾಸಣೆಯನ್ನು ಎರಡು ಸಲ ಮಾಡಬೇಕು: ನಳ ಬರುವ ಹಿಂದಿನ ದಿನ ಒಮ್ಮೆ, ನಳದ ದಿನ ಬೆಳಿಗ್ಗೆ ಬಟ್ಟೆ ಒಗೆಯುವ ಹೊತ್ತಿಗೆ ಇನ್ನೊಮ್ಮೆ. ಒಣ ದಿನ ಹೂಳು ಎಷ್ಟಿದೆ ಎಂಬುದು ಕಾಣುತ್ತದೆ. ನಳದ ದಿನ ಆ ಹೂಳಿನ ಮೇಲೆ ನೀರು ದಾಟಿಹೋಗುವ ಶಕ್ತಿ ಉಳಿದಿದೆಯೇ ಎಂಬುದು ಕಾಣುತ್ತದೆ. ಒಂದನ್ನೇ ನೋಡಿ ಬರೆದ ವರದಿ ಅರ್ಧ ಸುಳ್ಳು.

ಕನ್ನಡಿಯ ಪರೀಕ್ಷೆಗೆ ಖರ್ಚೇ ಇಲ್ಲ. ಉದ್ದ ಕೋಲಿನ ತುದಿಗೆ 45 ಡಿಗ್ರಿ ಓರೆಯಲ್ಲಿ ಕನ್ನಡಿ ಕಟ್ಟಿ ಒಂದು ಚೇಂಬರಿನಲ್ಲಿ ಪೈಪಿನ ಬಾಯಿಗೆ ಹಿಡಿಯಿರಿ. ಮುಂದಿನ ಚೇಂಬರಿನಲ್ಲಿ ಹಗ್ಗಕ್ಕೆ ಕಟ್ಟಿದ ಬ್ಯಾಟರಿ ದೀಪ ಇಳಿಬಿಡಿ. ಪೂರ್ಣ ದುಂಡು ಬೆಳಕು ಕಂಡರೆ ಪೈಪ್ ನೆಟ್ಟಗಿದೆ, ಖಾಲಿಯಿದೆ. ತಳ ಕಪ್ಪಾಗಿ ಮೇಲಿನ ಅರ್ಧ ಮಾತ್ರ ಬೆಳಗಿದರೆ ಹೂಳು ಅಥವಾ ತಗ್ಗು. ಬದಿಯ ಅರ್ಧ ಕಂಡರೆ ಪೈಪ್ ಪಕ್ಕಕ್ಕೆ ಸರಿದಿದೆ. ತೊಳೆದ ಮೇಲೂ ತಳ ಕಪ್ಪಾಗಿಯೇ ಇದ್ದರೆ ಅದು ತಗ್ಗು. ಜೆಟ್ಟಿಂಗ್ (ಒತ್ತಡದ ನೀರು ಚಿಮ್ಮಿಸಿ ತೊಳೆಯುವುದು) ಎಷ್ಟು ಮಾಡಿದರೂ ಹೋಗದು, ಅಗೆದು ಸರಿಮಾಡಬೇಕು.

ಜೆಟ್ಟಿಂಗ್: ಕೆಳಗಿನಿಂದ ಮೇಲಕ್ಕೆ

ಬಿದಿರ ಸೀಳು, ಕಬ್ಬಿಣದ ಸಲಾಕಿಯಿಂದ ಚುಚ್ಚಿದರೆ ಕಟ್ಟಿದ ಹೂಳಿಗೆ ತೂತಾಗುತ್ತದೆ, ನೀರು ಇಳಿಯುತ್ತದೆ, ದೂರು ಮುಗಿಯುತ್ತದೆ. ಹೂಳು ಮಾತ್ರ ಅಲ್ಲೇ ಇರುತ್ತದೆ. ಹದಿನೈದು ದಿನಕ್ಕೆ ಅದೇ ಮನೆಯವರು ಮತ್ತೆ ದೂರು ಕೊಡುವುದು ಇದಕ್ಕೇ. ಸಲಾಕಿ ತುರ್ತಿಗೆ ಸರಿ, ತೊಳೆಯಲು ಜೆಟ್ಟಿಂಗ್ ಗಾಡಿಯೇ ಬೇಕು.

1. ಗಾಡಿಯನ್ನು ಕೆಳಗಿನ, ಅಂದರೆ ಒಣಗಿದ ಚೇಂಬರಿನ ಹತ್ತಿರ ನಿಲ್ಲಿಸಿ. ಹೋಸಿನ ತುದಿಯ ನೋಝಲ್ಲಿನಿಂದ ಹಿಂದಕ್ಕೆ ಚಿಮ್ಮುವ ನೀರೇ ಅದನ್ನು ಮೇಲಕ್ಕೆ ನೂಕುತ್ತದೆ, ಎಳೆದುಕೊಳ್ಳುವಾಗ ಅದೇ ನೀರು ಹೂಳನ್ನು ಕೆಳಗೆ ತರುತ್ತದೆ. ಮೇಲಿನಿಂದ ಕೆಳಕ್ಕೆ ಬಿಟ್ಟರೆ ಹೂಳು ಬಂದಲ್ಲಿಗೇ ವಾಪಸು.

2. ಜೆಟ್ಟಿಂಗ್ ಮಾಡುವ ಭಾಗದ ಮನೆಗಳಿಗೆ ಮೊದಲೇ ಹೇಳಿ. ಒತ್ತಡದ ಗಾಳಿ ಸಂಡಾಸಿನ ಬಾಗು ಪೈಪಿನಲ್ಲಿ (ಟ್ರ್ಯಾಪ್) ನಿಂತ ನೀರನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಮನೆಯ ಹೊರಗಿನ ಸಣ್ಣ ಚೇಂಬರಿನ ಮುಚ್ಚಳ ಸಡಿಲಿಸಿದರೆ ಗಾಳಿ ಅಲ್ಲೇ ಹೊರಬೀಳುತ್ತದೆ.

3. ನೋಝಲ್ ಹಿಂದೆ ಪೈಪಿನ ವ್ಯಾಸಕ್ಕಿಂತ ಉದ್ದದ ಗಟ್ಟಿ ತುಂಡು ಇರಲಿ. 200 ಮಿ.ಮೀ. ಪೈಪಿಗೆ 25 ಸೆಂ.ಮೀ. ಸಾಕು. ಇಲ್ಲದಿದ್ದರೆ ನೋಝಲ್ ಒಳಗೇ ತಿರುಗಿ ಆಪರೇಟರನ ಕಡೆಗೆ ಹಾರಿಬರುತ್ತದೆ. ಹೋಸಿನ ತುದಿಯಿಂದ ಒಂದು ಮೀಟರಿಗೆ ಬಣ್ಣದ ಟೇಪ್ ಸುತ್ತಿ, ಎಳೆಯುವಾಗ ಟೇಪ್ ಕಂಡ ಕೂಡಲೇ ಒತ್ತಡ ಇಳಿಸಿ.

4. ಕೆಳಗಿನ ಚೇಂಬರಿನ ಹೊರಬಾಯಿಗೆ ಜಾಲರಿ ಇಟ್ಟು, ಹೂಳು ಹೀರುವ ಸಕ್ಷನ್ ಗಾಡಿಯ ಹೋಸ್ ಇಳಿಬಿಡಿ. ಈ ಹೆಜ್ಜೆ ಬಿಟ್ಟರೆ ನೀವು ಮಾಡಿದ್ದು ಕಟ್ಟನ್ನು ಪಕ್ಕದ ಓಣಿಗೆ ದಾಟಿಸುವ ಕೆಲಸ.

5. ಮೊದಲ ಸಲ 5ರಿಂದ 10 ಮೀಟರ್ ಮಾತ್ರ ಹೋಗಿ ಹಿಂದೆ ಎಳೆಯಿರಿ. ಬಂದ ಹೂಳು ತೆಗೆದು, ಮುಂದಿನ 5 ಮೀಟರ್. ಒಮ್ಮೆಗೇ ತುದಿಗೆ ಹೋದರೆ ಹಿಂದಿನ ಹೂಳು ಗುಡ್ಡೆಯಾಗಿ ಹೋಸನ್ನೇ ಹಿಡಿದುಕೊಳ್ಳುತ್ತದೆ. ಎಳೆಯುವ ವೇಗ ನಿಮಿಷಕ್ಕೆ 6ರಿಂದ 9 ಮೀಟರ್ ಮೀರದಿರಲಿ.

6. ಗಟ್ಟಿಯಾದ ಕಾಂಕ್ರೀಟ್ ಪೈಪಿಗೆ ಒತ್ತಡ 120 ಬಾರ್ ಸುಮಾರು, ಹಳೆಯ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪಿಗೆ 100ರ ಒಳಗೆ. ನೋಝಲನ್ನು ಒಂದೇ ಜಾಗದಲ್ಲಿ ನಿಲ್ಲಿಸಿಬಿಡಬೇಡಿ, ಪೈಪ್ ಕೊರೆಯುತ್ತದೆ.

ಕೆಲಸ ಆಗಿದೆಯೇ ಎಂದು ಅಳೆಯುವ ಸುಲಭ ದಾರಿ ಹೊರಬಂದ ಹೂಳು. 200 ಮಿ.ಮೀ. ಪೈಪಿನಲ್ಲಿ ಮೂರರಲ್ಲೊಂದು ಎತ್ತರಕ್ಕೆ ಹೂಳಿದ್ದರೆ 30 ಮೀಟರಿಗೆ ಸುಮಾರು 270 ಲೀಟರ್ ಆಗುತ್ತದೆ. ಮರಳೇ ಹೆಚ್ಚಿದ್ದರೆ ತೂಕ ನಾಲ್ಕು ಕ್ವಿಂಟಾಲಿಗೆ ಸಮೀಪ. ಎರಡು ಬಕೆಟ್ ತೆಗೆದು ಬಿಲ್ ಬರೆದಿದ್ದರೆ ಒಪ್ಪಬೇಡಿ. ಆ ಹೂಳನ್ನು ರಸ್ತೆಯ ಬದಿಗೆ ಒಣಗಲು ಬಿಡುವುದು ದೊಡ್ಡ ತಪ್ಪು. ಮೊದಲ ಮಳೆಗೆ ಅರ್ಧ ವಾಪಸು ಇಳಿಯುತ್ತದೆ, ಉಳಿದರ್ಧ ಧೂಳಾಗಿ ಮನೆಯೊಳಗೆ ಬರುತ್ತದೆ. ಮುಚ್ಚಿದ ಟ್ರಾಲಿಯಲ್ಲಿ ಅದೇ ದಿನ ಸಾಗಿಸಬೇಕು.

ನೀರು ಕಡಿಮೆಯಿರುವ ಮೇಲ್ತುದಿಯ ಲೈನುಗಳಿಗೆ ಜೆಟ್ಟಿಂಗಿನ ನಡುವೆ ತುಂಬಿ ಬಿಡುವ ಉಪಾಯವಿದೆ. ಚೇಂಬರಿನ ಹೊರಬಾಯಿಗೆ ಹಗ್ಗ ಕಟ್ಟಿದ ರಬ್ಬರ್ ಪ್ಲಗ್ ಹಾಕಿ, ನಳದ ದಿನದ ನೀರನ್ನೇ ಒಂದು ಮೀಟರ್ ಎತ್ತರಕ್ಕೆ ತುಂಬಲು ಬಿಡಿ. 90 ಸೆಂ.ಮೀ. ವ್ಯಾಸದ ಚೇಂಬರಿನಲ್ಲಿ 640 ಲೀಟರ್, ಹಿಂದಿನ 30 ಮೀಟರ್ ಪೈಪಿನಲ್ಲಿ 900 ಲೀಟರಿಗೂ ಹೆಚ್ಚು ನಿಲ್ಲುತ್ತದೆ. ಹಗ್ಗ ಎಳೆದರೆ ಒಂದೂವರೆ ಸಾವಿರ ಲೀಟರ್ ಒಮ್ಮೆಗೇ ನುಗ್ಗಿ ಮೆತ್ತನೆಯ ಹೂಳನ್ನು ಕೊಚ್ಚಿಕೊಂಡು ಹೋಗುತ್ತದೆ. ಮೇಲಿನ ಮನೆಗಳ ಸಂಡಾಸಿನ ಮಟ್ಟ ಆ ನೀರಿಗಿಂತ ಎತ್ತರವಿದೆಯೇ ಎಂದು ಮೊದಲು ಅಳೆದಿರಬೇಕು, ಪ್ಲಗ್ ಇದ್ದಷ್ಟು ಹೊತ್ತು ಒಬ್ಬರು ಅಲ್ಲಿಂದ ಕದಲಬಾರದು.

ಬಂದ ರಾಡಿ ಯಾರ ಮನೆಯದು

ಹೂಳಿನಲ್ಲಿ ಕೈಗವಸು ಹಾಕಿ ಕೆದಕಿ ನೋಡುವ ಐದು ನಿಮಿಷ ಮುಂದಿನ ಆರು ತಿಂಗಳ ಶ್ರಮ ಉಳಿಸುತ್ತದೆ. ನೂಲಿನ ಎಳೆ ಹಗ್ಗದಂತೆ ಹೊಸೆದುಕೊಂಡು ಬಂದರೆ ಮೇಲ್ಗಡೆ ಚಾದರ ಅಥವಾ ಟಾವೆಲ್ ಕಾರಖಾನೆ ಇದೆ. ತೊಳೆಯುವ ಹೌದದ ಬಾಯಿಗೆ 3 ಮಿ.ಮೀ. ಕಣ್ಣಿನ ಜಾಲರಿ, ಅದರ ಹಿಂದೆ ಇನ್ನೂ ಸಣ್ಣದೊಂದು ಹಾಕಿಸಿ ದಿನವೂ ತೆಗೆಯುವಂತೆ ಮಾಡಿದರೆ ಇದು ನಿಲ್ಲುತ್ತದೆ. ಬಿಳಿ ಮೇಣದಂಥ ಮುದ್ದೆ ಖಾನಾವಳಿ, ಹೋಟೆಲ್ಲಿನದು. ಬಿಸಿನೀರು, ಸೋಡಾ ಸುರಿದು ಕರಗಿಸಿದರೆ ಮುಂದಿನ ಚೇಂಬರಿಗೆ ಹೋಗಿ ಅಲ್ಲಿ ಹೆಪ್ಪುಗಟ್ಟುತ್ತದೆ, ಅಷ್ಟೇ. ಗ್ರೀಸ್ ಟ್ರ್ಯಾಪ್ (ಎಣ್ಣೆ ತಡೆಯುವ ತೊಟ್ಟಿ) ಕಟ್ಟಿಸಿ, ತೇಲುವ ಎಣ್ಣೆ ಮತ್ತು ತಳದ ಗಷ್ಟು ಸೇರಿ ಆಳದ ಕಾಲುಭಾಗ ಆದಾಗ ಖಾಲಿ ಮಾಡಿಸಬೇಕು. ಸಗಣಿ, ಕಣಿಕೆಯ ಚೂರು ಊರೊಳಗಿನ ಎಮ್ಮೆಯ ಗೋಠಾದಿಂದ ಬಂದದ್ದು. ಒಂದು ಗೋಠಾ ಇಡೀ ಓಣಿಯ ಲೈನನ್ನು ಕೆಡಿಸಬಲ್ಲದು, ಇದಕ್ಕೆ ಯಾವ ಜಾಲರಿಯೂ ಸಾಲದು, ಸಗಣಿ ಲೈನಿಗೆ ಬರಲೇಕೂಡದು. ನಯವಾದ ಮರಳು, ಬೂದಿ ಭಾಂಡೆ ತಿಕ್ಕುವ ಬಚ್ಚಲಿನದು.

ಎರೆ ಮಣ್ಣು ಅಥವಾ ಗರಸು ಬಂದರೆ ಮಾತ್ರ ಗಾಬರಿಯಾಗಬೇಕು. ಅದು ಯಾರ ಮನೆಯದೂ ಅಲ್ಲ, ಪೈಪ್ ಒಡೆದು ಸುತ್ತಲಿನ ನೆಲವೇ ಒಳಗೆ ಬರುತ್ತಿದೆ. ಮೇಲೆ ರಸ್ತೆಯ ಅಡಿ ಪೊಳ್ಳಾಗುತ್ತಿದೆ. ಅಲ್ಲಿ ಜೆಟ್ಟಿಂಗ್ ನಿಲ್ಲಿಸಿ, ಭಾರದ ವಾಹನ ತಡೆದು, ಕ್ಯಾಮೆರಾ ಬಿಟ್ಟು ನೋಡಿ. ಬೇರು ಬಂದರೂ ಹಾಗೆಯೇ: ಬೇವು, ಅರಳಿ ಮರಗಳು ಈ ಒಣ ಸೀಮೆಯಲ್ಲಿ ತೇವ ಹುಡುಕಿ ಸಡಿಲ ಜಾಯಿಂಟಿನಲ್ಲಿ ಕೂದಲೆಳೆಯಷ್ಟು ಬೇರು ತೂರಿಸುತ್ತವೆ. ಕತ್ತರಿಸಿದರೆ ಮತ್ತೆ ಬೆಳೆಯುತ್ತವೆ, ಜಾಯಿಂಟ್ ಬಿಗಿಯಾಗಬೇಕು.

ಎರೆ ನೆಲದಲ್ಲಿ ದುರಸ್ತಿ

ಎರೆ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಸಿಮೆಂಟ್ ಮೆತ್ತಿದ ಗಟ್ಟಿ ಜಾಯಿಂಟ್ ಈ ಎಳೆದಾಟಕ್ಕೆ ಒಡೆಯಲೇಬೇಕು. ಹಾಗಾಗಿ ಮುರಿದ ತುಂಡಿನ ಬದಲಿಗೆ ರಬ್ಬರ್ ರಿಂಗ್ ಜಾಯಿಂಟಿನ ಕಾಂಕ್ರೀಟ್ ಪೈಪ್ ಅಥವಾ ಎರಡು ಪದರದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್ ಹಾಕಿ. ಒಂದೂವರೆ ಮೀಟರಿಗಿಂತ ಆಳದ ಗುಂಡಿಗೆ ಎರಡೂ ಬದಿ ಹಲಗೆ ಕೊಟ್ಟು ಆನಿಸಿ. ಎರೆಯ ಗೋಡೆ ಬೆಳಿಗ್ಗೆ ಕಲ್ಲಿನಂತೆ ಕಂಡರೂ ಮಧ್ಯಾಹ್ನಕ್ಕೆ ಕುಸಿಯುತ್ತದೆ. ಪೈಪಿನ ಕೆಳಗೆ 15 ಸೆಂ.ಮೀ. ಮರಳು ಅಥವಾ ಸಣ್ಣ ಗರಸು, ಬದಿಗೆ ಅದೇ, ನೆತ್ತಿಯ ಮೇಲೆ 30 ಸೆಂ.ಮೀ. ವರೆಗೆ ಕೈಯಿಂದ ಧಮ್ಮಸು. ಅಗೆದ ಎರೆಯನ್ನೇ ಮತ್ತೆ ಪೈಪಿನ ಸುತ್ತ ತುಂಬಿದರೆ ಮುಂದಿನ ವರ್ಷ ಅದೇ ಜಾಗ ಅಗೆಯುತ್ತೀರಿ.

ಮುಚ್ಚುವ ಮೊದಲು ಎರಡು ಪರೀಕ್ಷೆ. ಕೆಳತುದಿಗೆ ಪ್ಲಗ್ ಹಾಕಿ ಮೇಲ್ತುದಿಯಲ್ಲಿ ಸುಮಾರು ಒಂದೂವರೆ ಮೀಟರ್ ನೀರು ನಿಲ್ಲುವಂತೆ ತುಂಬಿಸಿ, ಅರ್ಧ ಗಂಟೆ ಪ್ರತಿ ಜಾಯಿಂಟ್ ನೋಡಿ. ಆಮೇಲೆ ಪೈಪಿನ ಒಳವ್ಯಾಸಕ್ಕಿಂತ 13 ಮಿ.ಮೀ. ಚಿಕ್ಕದಾದ ನಯ ಚೆಂಡು, ಅಂದರೆ 200 ಮಿ.ಮೀ. ಪೈಪಿಗೆ 187 ಮಿ.ಮೀ. ಚೆಂಡು, ಮೇಲಿನಿಂದ ಬಿಡಿ. ತಾನಾಗಿ ಉರುಳಿ ಕೆಳಗೆ ಬರಬೇಕು. ಸಿಕ್ಕಿಕೊಂಡರೆ ಬಹುತೇಕ ಒಳಗೆ ಚಾಚಿದ ಮನೆಯ ಪೈಪ್ ಕಾರಣ. ಪೈಪ್ ಒಡೆದು ತೂರಿಸಿದ ಇಂಥ ಜೋಡಣೆಗಳಿಗೆ ಬಟ್ಟೆಯ ಚೂರು, ಪ್ಯಾಡ್ ಸಿಕ್ಕಿ ಕಟ್ಟು ಶುರುವಾಗುತ್ತದೆ. ಹೊಸ ಜೋಡಣೆ ಚೇಂಬರಿಗೇ ಬರಲಿ, ಇಲ್ಲವೇ ಇಂಗ್ಲಿಷಿನ Y ಆಕಾರದ ಜೋಡಣೆಯ ತುಂಡು ಹಾಕಲಿ.

ವರ್ಷದ ಲೆಕ್ಕ

ಮೃಗಶಿರ ಮಳೆ ಹಿಡಿಯುವ ಮೊದಲು, ಏಪ್ರಿಲ್, ಮೇ ತಿಂಗಳಲ್ಲಿ ಇಡೀ ಜಾಲ ಒಮ್ಮೆ ತೊಳೆಯಬೇಕು. ಸೋಲಾಪುರಕ್ಕೆ ಜೋರು ಮಳೆ ಸೆಪ್ಟೆಂಬರಿನದು, ಆದ್ದರಿಂದ ಉತ್ತರೆ ಹಿಡಿಯುವ ಮುಂಚೆ ತಗ್ಗು ಪ್ರದೇಶದ ಲೈನುಗಳಿಗೆ ಎರಡನೆಯ ಸಲ. ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಗೆ ಅಂಗಡಿ, ಫರಾಳದ ಸ್ಟಾಲುಗಳು ಕೂರುವ ಸುತ್ತಿನ ಚೇಂಬರುಗಳನ್ನು ಜಾತ್ರೆಗೆ ಮೊದಲೂ ನಂತರವೂ ನೋಡಬೇಕು. ಮೂರು ತಿಂಗಳಲ್ಲಿ ಮೂರು ಸಲ ಕಟ್ಟಿದ ಜಾಗವನ್ನು ತೊಳೆಯುವ ಪಟ್ಟಿಯಿಂದ ತೆಗೆದು ಅಗೆಯುವ ಪಟ್ಟಿಗೆ ಸೇರಿಸಿ.

ಕುಡಿಯುವ ನೀರಿನ ಹತ್ತಿರ

ನಳ ಬಿಡದ ದಿನ ಕುಡಿಯುವ ನೀರಿನ ಪೈಪ್ ಖಾಲಿಯಿರುತ್ತದೆ. ಪಕ್ಕದಲ್ಲಿ ಡ್ರೇನೇಜ್ ಸೋರಿ ನೆಲ ನೆನೆದಿದ್ದರೆ, ಸಡಿಲ ಜಾಯಿಂಟಿನಿಂದ ಆ ರಾಡಿ ಖಾಲಿ ಪೈಪಿನೊಳಗೆ ನುಸುಳುತ್ತದೆ, ಮುಂದಿನ ನಳದ ದಿನ ಮೊದಲ ನೀರಿನ ಜೊತೆ ಮನೆಗೆ ಬರುತ್ತದೆ. ಹೊಸ ಲೈನುಗಳ ನಡುವೆ 3 ಮೀಟರ್ ಅಂತರ ಬಿಡಬೇಕು, ಅಡ್ಡ ಹಾಯುವಲ್ಲಿ ನೀರಿನ ಪೈಪ್ ಅರ್ಧ ಮೀಟರಾದರೂ ಮೇಲಿರಬೇಕು. ಹಳೆಯ ಓಣಿಗಳಲ್ಲಿ ಅಷ್ಟು ಜಾಗವಿಲ್ಲ. ಅಲ್ಲಿ ಡ್ರೇನೇಜ್ ಕಟ್ಟಿ ಉಕ್ಕಿದ ಪ್ರತಿ ಸಲ, ತೆರವು ಮಾಡಿ ಬಿಟ್ಟುಹೋಗದೆ, ಮುಂದಿನ ನಳದ ದಿನ ಆ ಭಾಗದ ಮೂರು ಮನೆಯ ನೀರು ಪರೀಕ್ಷಿಸಿ. ನಳದ ತುದಿಯಲ್ಲಿ ಉಳಿದ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ, ಅಥವಾ ಮೊದಲ ನೀರು ಕದಡಿ ವಾಸನೆ ಬಂದರೆ, ಆ ದಿನದ ನೀರು ಕುಡಿಯಬೇಡಿ ಎಂದು ಮನೆಮನೆಗೆ ಹೇಳಿ, ಟ್ಯಾಂಕರ್ ತರಿಸಿ, ರಿಜಿಸ್ಟರಿನಲ್ಲಿ ಗುರುತಿಸಿದ ಅಡ್ಡ ಹಾಯುವ ಜಾಗವನ್ನು ಅದೇ ದಿನ ಅಗೆಯಲು ಶುರುಮಾಡಿ.